ತಜ್ಞರ ಉತ್ತರ: ಔಷಧ ಪ್ರಯೋಗಕ್ಕೆ ಅಪ್ಪ ಸಹಿ ಹಾಕಬಹುದೇ?

ಪ್ರಶ್ನೆ: ನನ್ನ ಅಪ್ಪನಿಗೆ 67 ವರ್ಷ. ಕಾಪು ಸಮೀಪ ಸ್ವಲ್ಪ ಗದ್ದೆ, ತೆಂಗಿನ ತೋಟ ನೋಡಿಕೊಂಡಿದ್ದಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯಲ್ಲಿ 1.8 ಬಂದಿದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್, ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಾರೆ. ನಾವು ಹೋಗುವ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿಡ್ನಿ ವಿಭಾಗದಲ್ಲಿ ಹೊಸ ಮಾತ್ರೆಯೊಂದರ ಮೂರನೇ ಹಂತದ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. ಎರಡು ವರ್ಷದ ಪ್ರಯೋಗ. ಅರ್ಧದಷ್ಟು ಜನರಿಗೆ ಮದ್ದಿಲ್ಲದ ಮಾತ್ರೆ ಸಿಗುತ್ತದಂತೆ. ಉಳಿದ ರಕ್ತವನ್ನು ತೆಗೆದಿಟ್ಟು ಜೀನ್ ಪರೀಕ್ಷೆ ಮಾಡಲು ಬೇರೊಂದು ಕಾಗದ ಕೊಟ್ಟಿದ್ದಾರೆ. ಎಲ್ಲವೂ ಕನ್ನಡದಲ್ಲೇ ಇದೆ, ಆದರೆ ಓದಿದರೆ ತಲೆಗೆ ಹತ್ತುವುದಿಲ್ಲ. ಸೋದರಮಾವ ‘ಭಾವನನ್ನು ಪ್ರಯೋಗಪಶು ಮಾಡುತ್ತಾರೆ’ ಎಂದು ಕೂಗಾಡುತ್ತಿದ್ದಾರೆ. ಅಪ್ಪ ಮಾತ್ರ, ‘ಇಷ್ಟು ವರ್ಷ ನೋಡಿದ ಡಾಕ್ಟರು ಕೇಳುವಾಗ ಇಲ್ಲ ಎನ್ನುವುದು ಹೇಗೆ?’ ಎನ್ನುತ್ತಾರೆ. ಒಪ್ಪದಿದ್ದರೆ ಮುಂದೆ ಸರಿಯಾಗಿ ನೋಡುತ್ತಾರೆಯೇ? ಏನಾದರೂ ಆದರೆ ಹೊಣೆ ಯಾರು? ರಕ್ತ ಮಾರುತ್ತಾರೆಯೇ? ಬರುವ ಗುರುವಾರ ಉತ್ತರ ಹೇಳಬೇಕು.
— ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಪ್ರಶ್ನೆಗಳು ಹಲವು, ಅವುಗಳ ಅಡಿಯಲ್ಲಿರುವ ಅಳುಕು ಒಂದೇ. ಇಷ್ಟು ದಿನ ಅಪ್ಪನಿಗೆ ಮದ್ದು ಕೊಡುತ್ತಿದ್ದ ವೈದ್ಯರು ಈಗ ಅಪ್ಪನಿಂದಲೇ ಏನನ್ನೋ ಕೇಳುತ್ತಿದ್ದಾರೆ. ಈ ಅಳುಕಿಗೆ ಕಾರಣವಿದೆ. ಚಿಕಿತ್ಸೆಯ ಗುರಿ ನಿಮ್ಮ ಅಪ್ಪ. ಸಂಶೋಧನೆಯ ಗುರಿ ನಾಳೆ ಬರುವ ರೋಗಿಗಳು. ಒಬ್ಬರೇ ವೈದ್ಯರು ಎರಡನ್ನೂ ಮಾಡುವಾಗ ರೋಗಿಗೆ ಗೊಂದಲವಾಗುತ್ತದೆ, ಎಷ್ಟೋ ಬಾರಿ ವೈದ್ಯರಿಗೂ ಆಗುತ್ತದೆ. ನಾನು ಔಷಧ ಪ್ರಯೋಗಗಳನ್ನು ನಡೆಸಿದವನೂ ಹೌದು, ಅವುಗಳಿಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕುಳಿತವನೂ ಹೌದು. ಎರಡೂ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಮಂಗಳೂರು, ಉಡುಪಿ ಕಡೆಯವರಿಗೆ ಇಂಥ ಕರೆ ಬರುವುದು ಅಪರೂಪವಲ್ಲ. ಮಣಿಪಾಲದಲ್ಲಿ 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಈಗ ಕಂಕನಾಡಿ, ಕುಂಟಿಕಾನ, ದೇರಳಕಟ್ಟೆ ಎಂದು ಹೋದಲ್ಲೆಲ್ಲ ವೈದ್ಯಕೀಯ ಕಾಲೇಜು. ಕಾಲೇಜು ಇದ್ದಲ್ಲಿ ಸಂಶೋಧನೆ ಇರುತ್ತದೆ. ಅದರಲ್ಲಿ ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧದ ಕೆಲಸ: ನಾಲ್ಕು ಪ್ರಶ್ನೆ ಕೇಳುವುದು, ಹೇಗೂ ತೆಗೆಯುವ ರಕ್ತದ ಜೊತೆ ಐದು ಎಂಎಲ್ ಹೆಚ್ಚು ತೆಗೆಯುವುದು. ನಿಮ್ಮ ಅಪ್ಪನಿಗೆ ಬಂದಿರುವುದು ಅದಲ್ಲ. ಮಾರುಕಟ್ಟೆಗೆ ಇನ್ನೂ ಬಾರದ ಮಾತ್ರೆ, ಹಣ ಹಾಕುವ ಕಂಪನಿ, ಎರಡು ವರ್ಷದ ಅವಧಿ. ಇದಕ್ಕೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಯ ಜೊತೆಗೆ ದೆಹಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೂ ಬೇಕು.

ಮಾವನ ಸಿಟ್ಟನ್ನು ಸುಮ್ಮನೆ ತಳ್ಳಿಹಾಕಬೇಡಿ. ನಮ್ಮ ದೇಶದಲ್ಲಿ ಬಡ ರೋಗಿಗಳನ್ನು ಸರಿಯಾಗಿ ತಿಳಿಸದೆ ಪ್ರಯೋಗಕ್ಕೆ ಸೇರಿಸಿಕೊಂಡರೆಂಬ ಆರೋಪ 2012ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಇಂದೋರ್‌ನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಹಾಕಿದ ಅರ್ಜಿ ಅದು. 2013ರಲ್ಲಿ ಪರಿಹಾರದ ನಿಯಮ ಬಂತು; 2019ರ ಮಾರ್ಚ್‌ನಲ್ಲಿ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’ ಜಾರಿಯಾದವು. ಈಗ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅವರಲ್ಲಿ ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧಿಸದವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ ಆಗಬೇಕು. ಕಾನೂನು ಬಲ್ಲವರೊಬ್ಬರು, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ನಾಗರಿಕರೊಬ್ಬರು ಇಲ್ಲದೆ ಸಭೆ ನಡೆಸುವಂತಿಲ್ಲ. ಆ ಸಾಮಾನ್ಯ ನಾಗರಿಕರೇ ನಮ್ಮ ಬೆವರಿಳಿಸುವವರು. ‘ಇದು ನನಗೇ ಅರ್ಥವಾಗಲಿಲ್ಲ, ಮೀನು ಮಾರುವವರಿಗೆ ಹೇಗೆ ಅರ್ಥವಾಗಬೇಕು?’ ಎಂದು ಕಾಗದ ಹಿಂದಿರುಗಿಸಿದ್ದನ್ನು ನೋಡಿದ್ದೇನೆ. ನಿಮಗೆ ಕೊಟ್ಟ ಕಾಗದಗಳನ್ನು ಅಂಥವರು ನೋಡಿಯೂ ಹಾಗೇ ಬಿಟ್ಟಿದ್ದರೆ ಅದು ಬೇಸರದ ಸಂಗತಿ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪನ ಮುಂದಿರುವುದು ಒಂದು ನಿರ್ಧಾರವಲ್ಲ, ಮೂರು. ಈಗಿನ ಚಿಕಿತ್ಸೆ ಸರಿಯಾಗಿದೆಯೇ ಎನ್ನುವುದು ಮೊದಲನೆಯದು. ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರುವುದು ಎರಡನೆಯದು. ರಕ್ತ ತೆಗೆದಿಡಲು ಬಿಡುವುದು ಮೂರನೆಯದು. ಒಂದಕ್ಕೆ ಹೂಂ ಎಂದ ಮಾತ್ರಕ್ಕೆ ಉಳಿದವಕ್ಕೂ ಹೂಂ ಎಂದಂತಲ್ಲ.

ಮೊದಲನೆಯದರಲ್ಲೇ ನನಗೆ ಒಂದು ಕಡೆ ಕಣ್ಣು ನಿಂತಿತು. ನೀವು ಬರೆದ ಮದ್ದಿನ ಪಟ್ಟಿಯಲ್ಲಿ ರಕ್ತದೊತ್ತಡ ಇಳಿಸಿ ಕಿಡ್ನಿಯನ್ನೂ ಕಾಯುವ ಟೆಲ್ಮಿಸಾರ್ಟನ್ ಇದೆ, ಒಳ್ಳೆಯದು. ಆದರೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇಲ್ಲ. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆಗಳು; ಸಕ್ಕರೆ ಇಳಿಸುವುದಕ್ಕಿಂತ ಹೆಚ್ಚಾಗಿ ಕಿಡ್ನಿ ಕೆಡುವ ವೇಗವನ್ನು ತಗ್ಗಿಸಲು ಇವನ್ನು ಇಂದು ಕೊಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ತೊಂದರೆಯಾದವರಿಗೆ ಈಗ ಇದು ಮಾಮೂಲಿ ಚಿಕಿತ್ಸೆಯ ಭಾಗ. ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿದ ಮೇಲೆ ಹತ್ತಾರು ಕಂಪನಿಗಳು ತಯಾರಿಸಿ ಬೆಲೆಯೂ ಇಳಿಯಿತು. ಅಪ್ಪನಿಗೆ ಕೊಡದಿರಲು ಕಾರಣ ಇರಬಹುದು: ಪದೇ ಪದೇ ಮೂತ್ರದ ಸೋಂಕು, ಪಾದದ ಹುಣ್ಣು, ಹಿಂದೆ ಕೊಟ್ಟು ಒಗ್ಗದೆ ನಿಲ್ಲಿಸಿದ್ದು. ಅಥವಾ ಯಾರೂ ಯೋಚಿಸದೆಯೂ ಇರಬಹುದು. ದಟ್ಟಣೆಯ ಹೊರರೋಗಿ ವಿಭಾಗದಲ್ಲಿ ಹಳೆಯ ಚೀಟಿಯೇ ಮುಂದುವರಿಯುತ್ತದೆ. ಮೂರನೆಯ ಸಾಧ್ಯತೆ ಇದೆ, ಅದು ನನಗೆ ಹಿಡಿಸದ್ದು: ಈ ಮಾತ್ರೆ ತೆಗೆದುಕೊಳ್ಳದವರೇ ಬೇಕು ಎಂದು ಪ್ರಯೋಗದ ನಿಯಮದಲ್ಲಿ ಇರುವುದು.

ಗುರುವಾರ ಮೊದಲು ಕೇಳಬೇಕಾದ ಪ್ರಶ್ನೆ ಇದು. ‘ಅಪ್ಪ ಪ್ರಯೋಗಕ್ಕೆ ಸೇರದಿದ್ದರೆ ಅವರಿಗೆ ಯಾವ ಮದ್ದು ಕೊಡುತ್ತಿದ್ದಿರಿ? ಸೇರಿದರೆ ಅದರಲ್ಲಿ ಯಾವುದಾದರೂ ತಪ್ಪುತ್ತದೆಯೇ?’ ಏನೂ ತಪ್ಪುವುದಿಲ್ಲ, ಎಲ್ಲರಿಗೂ ಪೂರ್ತಿ ಚಿಕಿತ್ಸೆ ಇದ್ದು ಅದರ ಮೇಲೆ ಹೊಸ ಮಾತ್ರೆಯೋ ಪ್ಲಸಿಬೊ ಎನ್ನುವ ಮದ್ದಿಲ್ಲದ ಮಾತ್ರೆಯೋ ಸೇರುತ್ತದೆ ಎಂದರೆ ಪ್ಲಸಿಬೊ ಬಗ್ಗೆ ನಿಮಗಿರುವ ಹೆದರಿಕೆ ಬಹುಮಟ್ಟಿಗೆ ಬೇಡ. ‘ಮದ್ದಿಲ್ಲದ ಮಾತ್ರೆ ಕೊಟ್ಟು ರೋಗ ಬೆಳೆಯಲು ಬಿಡುತ್ತಾರೆ’ ಎನ್ನುವುದು ಇಂಥ ಪ್ರಯೋಗಕ್ಕೆ ಹೊಂದದ ಮಾತು. ಆದರೆ ಲಭ್ಯವಿರುವ ಒಳ್ಳೆಯ ಮದ್ದನ್ನು ದೂರವಿಟ್ಟು ಪ್ಲಸಿಬೊ ಕೊಡುವುದಾದರೆ ಅದು ಬೇರೆಯೇ ಕಥೆ. 2019ರ ನಿಯಮವೂ ಇದನ್ನು ಗುರುತಿಸಿದೆ. ಮಾಮೂಲಿ ಚಿಕಿತ್ಸೆ ಇದ್ದೂ ಅದನ್ನು ಕೊಡದೆ ಪ್ಲಸಿಬೊ ಕೊಟ್ಟದ್ದರಿಂದ ಹಾನಿಯಾದರೆ ಅದಕ್ಕೆ ಪರಿಹಾರ ಕೊಡಬೇಕು. ನನ್ನ ಮಾತು ಕೇಳುವುದಾದರೆ, ಅಷ್ಟರವರೆಗೆ ಹೋಗಲೇಬೇಡಿ. ಅಂಥ ಪ್ರಯೋಗಕ್ಕೆ ಅಪ್ಪನನ್ನು ಸೇರಿಸಬೇಡಿ.

ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ಅಂದೇ ಕೇಳಿಬಿಡಿ. ಕಿಡ್ನಿಯ ಕೆಲಸ ಕುಗ್ಗಿದಂತೆ ಅದನ್ನು ಕಡಿಮೆ ಮಾಡಬೇಕಾಗುತ್ತದೆ.

ಹೊಸ ಮಾತ್ರೆಯ ವಿಚಾರ. ‘ಯಾರ ಮೇಲೂ ಪ್ರಯೋಗಿಸದ ಮದ್ದನ್ನು ನಮ್ಮ ಮೇಲೆ ಹಾಕುತ್ತಾರೆ’ ಎಂಬುದು ಮೂರನೇ ಹಂತದ ಮಟ್ಟಿಗೆ ನಿಜವಲ್ಲ. ಪ್ರಾಣಿಗಳು, ಮೊದಲ ಹಂತದ ಕೆಲವೇ ಜನ, ಎರಡನೇ ಹಂತದ ಕೆಲವು ನೂರು ರೋಗಿಗಳು, ಇಷ್ಟು ದಾಟಿ ಬಂದಿರುತ್ತದೆ. ಹಾಗೆಂದು ‘ಹೊಸದು ಎಂದರೆ ಉತ್ತಮ’ ಎಂಬ ನಂಬಿಕೆಯೂ ಅಷ್ಟೇ ತಪ್ಪು. ಉತ್ತಮ ಎಂದು ಗೊತ್ತಿದ್ದರೆ ಪ್ರಯೋಗವೇ ಬೇಕಿರಲಿಲ್ಲ. ನಿಮ್ಮ ಅಪ್ಪನ ಕಾಯಿಲೆಯಲ್ಲೇ ಎರಡೂ ಬಗೆಯ ಇತಿಹಾಸ ಇದೆ. ಕ್ರೆಡೆನ್ಸ್ ಎಂಬ ಪ್ರಯೋಗದಲ್ಲಿ 4401 ರೋಗಿಗಳಿದ್ದರು. ಮಾಮೂಲಿ ಮದ್ದಿನ ಮೇಲೆ ಕೆಲವರಿಗೆ ಕ್ಯಾನಾಗ್ಲಿಫ್ಲೋಜಿನ್, ಕೆಲವರಿಗೆ ಪ್ಲಸಿಬೊ. ಲಾಭ ಸ್ಪಷ್ಟವಾಗಿ ಕಂಡಿತೆಂದು ಅವಧಿಗೆ ಮೊದಲೇ ನಿಲ್ಲಿಸಿದರು, 2019ರಲ್ಲಿ ಫಲಿತಾಂಶ ಬಂತು. ನಾನು ಮೇಲೆ ಹೇಳಿದ ಡಾಪಾಗ್ಲಿಫ್ಲೋಜಿನ್ ಅದೇ ಗುಂಪಿನ ಮದ್ದು. ಅಂದರೆ ಇಂದು ನಿಮ್ಮ ಅಪ್ಪನಿಗೆ ಬೇಕೆಂದು ನಾನು ಹೇಳುತ್ತಿರುವ ಮಾತ್ರೆಯ ಹಿಂದೆ ಎಲ್ಲೋ ಯಾರೋ ಪ್ಲಸಿಬೊ ನುಂಗಿದ್ದಾರೆ.

ಇನ್ನೊಂದು ಬೀಕನ್ ಎಂಬ ಪ್ರಯೋಗ, ಬಾರ್ಡೊಕ್ಸೊಲೋನ್ ಎಂಬ ಮದ್ದು. ಅದರಲ್ಲಿ ಕಿಡ್ನಿ ತೀರಾ ಕುಗ್ಗಿದ್ದ 2185 ಜನರಿದ್ದರು. ಮದ್ದು ತೆಗೆದುಕೊಂಡವರಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಕಿ ಏರಿತು, ಕಾಗದದ ಮೇಲೆ ಸಂಭ್ರಮಪಡುವಂಥದ್ದೇ. ಆದರೆ ಅವರಲ್ಲೇ ಹೃದಯ ವೈಫಲ್ಯವಾಗಿ ಆಸ್ಪತ್ರೆ ಸೇರುವವರು ಹೆಚ್ಚಾದರು. 2012ರ ಅಕ್ಟೋಬರ್‌ನಲ್ಲಿ ಪ್ರಯೋಗ ನಿಂತಿತು. ಪ್ಲಸಿಬೊ ಗುಂಪು ಇಲ್ಲದಿದ್ದರೆ ‘ಕಿಡ್ನಿ ಕೆಟ್ಟವರಿಗೆ ಹೃದಯವೂ ಸೋಲುತ್ತದೆ, ಏನು ಮಾಡುವುದು’ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಆ ಪ್ರಯೋಗದಲ್ಲಿ ಪ್ಲಸಿಬೊ ಸಿಕ್ಕಿದವರೇ ಅದೃಷ್ಟವಂತರು.

ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ನಿಮ್ಮ ವೈದ್ಯರಿಗೂ ಗೊತ್ತಿರುವುದಿಲ್ಲ. ‘ನಮ್ಮ ಪರಿಚಯದವರು, ಅಪ್ಪನಿಗೆ ನಿಜವಾದದ್ದನ್ನೇ ಕೊಡಿಸುತ್ತಾರೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುರ್ತು ಬಂದಾಗ ಮಾತ್ರ ಗುಟ್ಟು ಬಿಚ್ಚಿ ನೋಡುವ ವ್ಯವಸ್ಥೆ ಇರುತ್ತದೆ. ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಯಾರು ಎತ್ತುತ್ತಾರೆ ಎಂದು ಕೇಳಿ, ಆ ನಂಬರಿಗೆ ಒಮ್ಮೆ ಕರೆ ಮಾಡಿಯೂ ನೋಡಿ.

ಒಪ್ಪದಿದ್ದರೆ ಸರಿಯಾಗಿ ನೋಡುತ್ತಾರೆಯೇ? ನೋಡಲೇಬೇಕು, ಮಾಹಿತಿ ಪತ್ರದಲ್ಲೇ ಹಾಗೆ ಬರೆದಿರಬೇಕು. ಅಪ್ಪನ ಆಯುಷ್ಮಾನ್ ಕಾರ್ಡ್‌ಗೂ ಆಸ್ಪತ್ರೆಯ ರಿಯಾಯಿತಿ ಕಾರ್ಡ್‌ಗೂ ಇದಕ್ಕೂ ಸಂಬಂಧ ಇಲ್ಲ. ನನ್ನ ಅನುಭವದಲ್ಲಿ ‘ಬೇಡ’ ಎಂದವರ ಮೇಲೆ ಯಾವ ವೈದ್ಯರೂ ಹಗೆ ಸಾಧಿಸಿದ್ದು ಕಂಡಿಲ್ಲ. ದಿನಕ್ಕೆ ಹತ್ತು ಜನರನ್ನು ಕೇಳಿದರೆ ಏಳೆಂಟು ಜನ ಬೇಡ ಎನ್ನುವುದು ಮಾಮೂಲು. ಆದರೆ ಒಂದು ವ್ಯತ್ಯಾಸ ನಿಜ. ಪ್ರಯೋಗದಲ್ಲಿ ಇರುವವರಿಗೆ ಕೋಆರ್ಡಿನೇಟರ್, ಅಂದರೆ ಪ್ರಯೋಗದ ದಿನದಿನದ ಕೆಲಸ ನೋಡಿಕೊಳ್ಳುವ ಸಿಬ್ಬಂದಿ, ಫೋನ್ ಮಾಡುತ್ತಾರೆ, ಸಾಲಿನಲ್ಲಿ ಕಾಯಬೇಕಾಗಿಲ್ಲ, ರಕ್ತ ಪರೀಕ್ಷೆ ತಪ್ಪುವುದಿಲ್ಲ. ಇಲ್ಲದವರು ಟೋಕನ್ ಹಿಡಿದು ಕೂರುತ್ತಾರೆ. ಎಷ್ಟೋ ಕುಟುಂಬಗಳು ಹೊಸ ಮದ್ದಿಗಿಂತ ಈ ಆರೈಕೆಗೇ ಒಪ್ಪುತ್ತವೆ. ಅದು ತಪ್ಪಲ್ಲ, ಆದರೆ ಒಪ್ಪುತ್ತಿರುವುದು ಯಾವುದಕ್ಕೆ ಎಂದು ತಿಳಿದಿರಲಿ.

ಅಪ್ಪನಿಗೆ ವೈದ್ಯರ ಮುಖ ನೋಡಿ ‘ಇಲ್ಲ’ ಎನ್ನಲಾಗದಿದ್ದರೆ ಕೋಆರ್ಡಿನೇಟರ್‌ಗೆ ಹೇಳಿದರೂ ಸಾಕು. ‘ಮನೆಯಲ್ಲಿ ಯೋಚಿಸಿದೆವು, ಬೇಡ’ ಎಂದರೆ ಮುಗಿಯಿತು, ಕಾರಣ ಕೊಡಬೇಕಾಗಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಬಿಡುವಾಗ ಸದ್ದಿಲ್ಲದೆ ಮಾತ್ರೆ ಕಸದ ಬುಟ್ಟಿಗೆ ಹಾಕಿ ಫೋನ್ ಎತ್ತದೆ ಕೂರಬೇಡಿ. ಕೊನೆಯ ಬಾರಿ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಅಪ್ಪನ ಸುರಕ್ಷತೆಗೇ ಬೇಕು.

ಏನಾದರೂ ಆದರೆ ಹೊಣೆ ಯಾರು ಎಂದು ಕೇಳಿದ್ದೀರಿ. ಪ್ರಯೋಗದ ಅವಧಿಯಲ್ಲಿ ಆದ ಹಾನಿಗೆ ಉಚಿತ ಚಿಕಿತ್ಸೆ ಕೊಡಬೇಕು. ವೈದ್ಯರ ಅಭಿಪ್ರಾಯದಲ್ಲಿ ಎಷ್ಟು ಕಾಲ ಬೇಕೋ ಅಷ್ಟು ಕಾಲ, ಅಥವಾ ಅದು ಪ್ರಯೋಗಕ್ಕೆ ಸಂಬಂಧಿಸಿದ್ದಲ್ಲ ಎಂದು ಖಚಿತವಾಗುವವರೆಗೆ. ಪ್ರಯೋಗದಿಂದಲೇ ಹಾನಿಯಾಯಿತೆಂದು ತೀರ್ಮಾನವಾದರೆ ಪರಿಹಾರದ ಹಣ ಬೇರೆ. ಸಾವಿನ ಸಂದರ್ಭದಲ್ಲಿ ಲೆಕ್ಕದ ಸೂತ್ರವೇ ಇದೆ. 65 ದಾಟಿದವರಿಗೆ 8 ಲಕ್ಷ ರೂಪಾಯಿಯನ್ನು 0.5ರಿಂದ 4ರವರೆಗಿನ ಒಂದು ಅಂಕದಿಂದ ಗುಣಿಸುತ್ತಾರೆ. ಪ್ರಯೋಗಕ್ಕೆ ಸೇರುವಾಗ ಆರೋಗ್ಯ ಎಷ್ಟು ಚೆನ್ನಾಗಿತ್ತೋ ಅಂಕ ಅಷ್ಟು ದೊಡ್ಡದು. ಅಂದರೆ 4 ಲಕ್ಷದಿಂದ 32 ಲಕ್ಷದೊಳಗೆ. ಕಾಯಿಲೆ ತನ್ನ ಪಾಡಿಗೆ ಉಲ್ಬಣಿಸಿ ಡಯಾಲಿಸಿಸ್ ಬೇಕಾದರೆ ಇದು ಸಿಗುವುದಿಲ್ಲ. ಯಾವುದು ಕಾಯಿಲೆಯಿಂದ, ಯಾವುದು ಮದ್ದಿನಿಂದ ಎಂದು ಬಿಡಿಸುವುದು ಸುಲಭವಲ್ಲ, ಎಲ್ಲ ತಕರಾರೂ ಅಲ್ಲೇ.

ಅದಕ್ಕಾಗಿಯೇ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಅಪ್ಪ ಗದ್ದೆಗೆ ಇಳಿಯುವವರು. ಮಳೆಗಾಲದಲ್ಲಿ ನಮ್ಮ ಕಡೆ ಇಲಿ ಜ್ವರ ಹೊಸದಲ್ಲ, ಅದು ನೇರ ಕಿಡ್ನಿಗೆ ಹೊಡೆಯುತ್ತದೆ. ಜ್ವರ, ವಾಂತಿ, ಭೇದಿ ಬಂದರೆ ಪ್ರಯೋಗದ ಮಾತ್ರೆ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ಅದೇ ದಿನ ಕೋಆರ್ಡಿನೇಟರ್‌ಗೆ ಕೇಳಬೇಕು. ಹತ್ತಿರದ ಬೇರೆ ಆಸ್ಪತ್ರೆಗೆ ಸೇರಿಸಿದರೂ ಪ್ರಯೋಗದಲ್ಲಿದ್ದಾರೆಂಬ ಕಾರ್ಡ್ ತೋರಿಸಿ, ಪ್ರಯೋಗ ನಡೆಸುವವರಿಗೂ ತಿಳಿಸಿ. ಗಂಭೀರ ತೊಂದರೆಯನ್ನು ಅವರು 24 ಗಂಟೆಯೊಳಗೆ ನೈತಿಕ ಸಮಿತಿಗೆ, ಕಂಪನಿಗೆ, ಔಷಧ ನಿಯಂತ್ರಣ ಸಂಸ್ಥೆಗೆ ವರದಿ ಮಾಡಲೇಬೇಕು. ಆದರೆ ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ. ಗುಣವಾಗಿ ಮನೆಗೆ ಬಂದು ತಿಂಗಳ ಮೇಲೆ ‘ನಡುವೆ ಸ್ವಲ್ಪ ಜ್ವರ ಬಂದಿತ್ತು’ ಎಂದು ಹೇಳುವವರೇ ಹೆಚ್ಚು.

ರಕ್ತದ ಕಾಗದಕ್ಕೆ ಬರೋಣ. ಮಾರಾಟದ ಭಯ ಬಿಡಿ. ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ದ್ರವವನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ, ಹೆಸರಿನ ಬದಲು ಸಂಕೇತ ಅಂಟಿಸಿ, ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ಇಡುತ್ತಾರೆ. ಸಂಕೇತ ಯಾರದ್ದು ಎಂಬ ಪಟ್ಟಿ ಬೇರೆ ಕಡೆ ಬೀಗದಲ್ಲಿ ಇರುತ್ತದೆ. ಮಂಗಳೂರಿನ ಮಲೇರಿಯ, ಉಡುಪಿಯ ಇಲಿ ಜ್ವರದ ಮೇಲೆ ನಮ್ಮವರು ಮಾಡಿದ ಕೆಲಸಕ್ಕೂ ಇಂಥ ಕೊಳವೆಗಳೇ ಬಂಡವಾಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಹೀಗೆ ತೆಗೆದಿಟ್ಟ ರಕ್ತದ ಮಾದರಿಯ ಒಡೆಯರು ಅದನ್ನು ಕೊಟ್ಟವರೇ. ಆಸ್ಪತ್ರೆ ಕಾಯುವುದು ಮಾತ್ರ. ಹಿಂದಕ್ಕೆ ಕೇಳುವ ಹಕ್ಕೂ ಇದೆ. ಆದರೆ ಸಂಕೇತದ ಪಟ್ಟಿಯನ್ನೇ ಅಳಿಸಿ ಪೂರ್ತಿ ಅನಾಮಧೇಯ ಮಾಡಿದ ಮೇಲೆ ಯಾವುದು ಅಪ್ಪನದ್ದು ಎಂದು ಹುಡುಕಲು ಯಾರಿಂದಲೂ ಆಗದು.

ಇಲ್ಲಿ ನಾನು ಎಚ್ಚರಿಸುವುದು ಬೇರೆ ಕಾರಣಕ್ಕೆ. ಜೀನ್ ಎಂದರೆ ಅಪ್ಪನದ್ದು ಮಾತ್ರವಲ್ಲ, ಅರ್ಧ ನಿಮ್ಮದು ಕೂಡ. ಮನೆತನದಲ್ಲಿ ಹರಿಯುವ ಬೇರೊಂದು ಕಾಯಿಲೆಯ ಸುಳಿವು ಸಿಕ್ಕರೆ ನಿಮಗೆ ಹೇಳುತ್ತಾರೆಯೇ, ಹೇಳುವುದಿಲ್ಲವೇ? ಕಾಗದದಲ್ಲಿ ಇದಕ್ಕೆ ಉತ್ತರ ಇರಬೇಕು. ಮಾದರಿ ಹೊರದೇಶಕ್ಕೆ ಹೋಗುತ್ತದೆಯೇ, ಎಷ್ಟು ವರ್ಷ ಇಡುತ್ತಾರೆ, ಅದರಿಂದ ಕಂಪನಿಗೆ ಲಾಭವಾದರೆ ಏನು ಎಂಬುದೂ ಅಲ್ಲೇ ಇರುತ್ತದೆ, ಸಾಮಾನ್ಯವಾಗಿ ಯಾರೂ ಓದದ ಕೊನೆಯ ಪುಟಗಳಲ್ಲಿ. ಒಳ್ಳೆಯ ಪತ್ರದಲ್ಲಿ ಈ ಅಧ್ಯಯನಕ್ಕೆ ಮಾತ್ರ, ಕಿಡ್ನಿ ಸಂಶೋಧನೆಗೆ ಮಾತ್ರ, ಯಾವುದಕ್ಕಾದರೂ ಸರಿ ಎಂದು ಗುರುತು ಹಾಕುವ ಆಯ್ಕೆ ಕೊಡುತ್ತಾರೆ. ನಾನಾದರೆ ನಡುವಿನದಕ್ಕೆ ಗುರುತು ಹಾಕುತ್ತೇನೆ. ಈ ಕಾಗದಕ್ಕೆ ಬೇಡ ಎಂದರೂ ಪ್ರಯೋಗಕ್ಕೆ ಸೇರಬಹುದೇ ಎಂದು ಕೇಳಿ. ಹೆಚ್ಚಿನ ಕಡೆ ಸೇರಬಹುದು.

ಹಣದ ವಿಚಾರ ಚುಟುಕಾಗಿ: ಪ್ರಯೋಗಕ್ಕಾಗಿ ಮಾಡುವ ಪರೀಕ್ಷೆಗೆ ನಿಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಬಾರದು, ಬಸ್ ಖರ್ಚು ಕೊಡಬಹುದು. ಮಾಮೂಲಿ ಮಾತ್ರೆಗಳ ಖರ್ಚು ಯಾರದ್ದು ಎಂದು ಕೇಳಿ. ಎರಡು ವರ್ಷದ ನಂತರ ಹೊಸ ಮಾತ್ರೆ ಪುಕ್ಕಟೆ ಸಿಗುತ್ತದೆಂಬ ಲೆಕ್ಕ ಹಾಕಬೇಡಿ.

ಇಷ್ಟಾದ ಮೇಲೆ ನಿಮಗಿರುವ ದಾರಿಗಳು. ಪೂರ್ತಿ ಬೇಡ ಎನ್ನಬಹುದು. ಆಗ ಕಳೆದುಕೊಳ್ಳುವುದು ಇನ್ನೂ ಸಾಬೀತಾಗದ ಲಾಭ ಮತ್ತು ಆ ಹತ್ತಿರದ ನಿಗಾ. ಈಗಲೇ ಸೇರಬಹುದು; ಗೊತ್ತಿಲ್ಲದ ಅಡ್ಡ ಪರಿಣಾಮ, ಮಳೆಯಲ್ಲಿ ಓಡಾಟ, ಆಗಾಗ ರಕ್ತ ಕೊಡುವುದು ಅದರ ಬೆಲೆ. ನನ್ನ ಒಲವು ಮೂರನೆಯದರ ಕಡೆಗೆ. ಮೊದಲು ಮಾಮೂಲಿ ಚಿಕಿತ್ಸೆಯನ್ನು ಪೂರ್ತಿ ಮಾಡಿಸಿ, ಅದು ಒಗ್ಗಿದ ಮೇಲೆ ಪ್ರಯೋಗದ ಬಗ್ಗೆ ಯೋಚಿಸಿ. ಇಂಥ ಪ್ರಯೋಗಗಳಲ್ಲಿ ಮದ್ದಿನ ಪ್ರಮಾಣ ಕೆಲವು ವಾರ ಬದಲಾಗದೆ ಇರಬೇಕೆಂಬ ಷರತ್ತು ಇರುವುದರಿಂದ ತಡವಾಗಬಹುದು, ಅಷ್ಟರಲ್ಲಿ ಜಾಗ ತುಂಬಲೂಬಹುದು. ತುಂಬಿದರೆ ತುಂಬಲಿ. ಅಪ್ಪನ ಮಾಮೂಲಿ ಚಿಕಿತ್ಸೆ ಈಗಾಗಲೇ ಪೂರ್ತಿ ಇದೆ, ಡಾಪಾಗ್ಲಿಫ್ಲೋಜಿನ್ ಕೊಡದಿರಲು ತಕ್ಕ ಕಾರಣವಿದೆ ಎಂದು ವೈದ್ಯರು ವಿವರಿಸಿದರೆ, ಆಗ ಸೇರುವುದಕ್ಕೆ ನನ್ನ ಆಕ್ಷೇಪವಿಲ್ಲ.

ಗುರುವಾರಕ್ಕೆ ಮೊದಲು ಮಾಹಿತಿ ಪತ್ರದಲ್ಲಿ ಸಿಟಿಆರ್‌ಐ ಎಂದು ಶುರುವಾಗುವ ಸಂಖ್ಯೆ ಹುಡುಕಿ. ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ. 2018ರ ಏಪ್ರಿಲ್‌ನಿಂದ, ಮೊದಲ ರೋಗಿ ಸೇರುವ ಮುನ್ನವೇ ನೋಂದಣಿ ಆಗಿರಬೇಕು. ಮೊಬೈಲ್‌ನಲ್ಲೇ ತೆರೆದು ನೋಡಬಹುದು: ಯಾವ ಕಂಪನಿ, ಯಾವ ಆಸ್ಪತ್ರೆಗಳು, ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮದ್ದಿನವರನ್ನು ಬಿಡುತ್ತಾರೆಯೇ ಎಂಬುದು ಅಲ್ಲೇ ಗೊತ್ತಾದೀತು. ಸಂಖ್ಯೆಯೇ ಇಲ್ಲದಿದ್ದರೆ ಸಹಿ ಬೇಡ. ಅಪ್ಪನಿಗೆ ತುಳುವಿನಲ್ಲಿ ಹೇಳಿದರೆ ಚೆನ್ನಾಗಿ ತಿಳಿಯುವುದಾದರೆ ತುಳುವಿನಲ್ಲೇ ವಿವರಿಸಲು ಕೇಳಿ, ಅದು ಉಪಕಾರವಲ್ಲ, ಅವರ ಕೆಲಸ. ವಿವರಿಸಿದ ಮೇಲೆ ಅಪ್ಪನೇ ತಿರುಗಿ ಹೇಳಲಿ. ಅವರಿಗೆ ಹೇಳಲು ಬಾರದಿದ್ದರೆ ಇನ್ನೊಂದು ವಾರ ಸಮಯ ಕೇಳಿ. ಸಾಧ್ಯವಾದರೆ ಮಾವನನ್ನೂ ಕರೆದುಕೊಂಡು ಹೋಗಿ, ಕೂಗಾಡುವವರು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಸಹಿ ಹಾಕಿದರೆ ಮಾಹಿತಿ ಪತ್ರ, ಸಹಿಯಾದ ಒಪ್ಪಿಗೆ ಪತ್ರ ಎರಡರ ಪ್ರತಿಯನ್ನೂ ಕೈಯಲ್ಲಿ ಹಿಡಿದೇ ಹೊರಡಿ.

ಮತ್ತೊಂದು ಮಾತು. ಮನೆಯಲ್ಲಿರುವ ಎಲ್ಲ ಮದ್ದಿನ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ: ಗಂಟು ನೋವಿಗೆ ಅಂಗಡಿಯಿಂದ ತರುವ ಮಾತ್ರೆ, ಸಕ್ಕರೆಗೆಂದು ಯಾರೋ ಕೊಟ್ಟ ಕಷಾಯದ ಪುಡಿ, ಎಲ್ಲವನ್ನೂ. ಬೈಯುತ್ತಾರೆಂದು ಮುಚ್ಚಿಡಬೇಡಿ. ಆ ಪೊಟ್ಟಣಗಳಲ್ಲಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಎಂಬ ಹೆಸರು ಕಂಡರೆ ಗುರುವಾರದವರೆಗೂ ಕಾಯಬೇಡಿ. ಅಪ್ಪ ಪ್ರಯೋಗಕ್ಕೆ ಸೇರಲಿ ಬಿಡಲಿ, ಈಗಿನ ಕಿಡ್ನಿಗೆ ಅದು ಬೇಡ; ಇವತ್ತೇ ನಿಲ್ಲಿಸಿ, ನೋವಿಗೆ ಬೇರೆ ಏನು ತೆಗೆದುಕೊಳ್ಳಬಹುದು ಎಂದು ಅದೇ ವೈದ್ಯರನ್ನು ಕೇಳಿ.